ಕೋವಿಗೆ ಲೈಸೆನ್ಸ್ ಇದೆ, ಅದರ ಮರಕ್ಕೆ ಆಚಾರಿ ಇಲ್ಲ

ಚುನಾವಣೆ ಬಂತು ಅಂದರೆ ನಮ್ಮ ಮಲೆನಾಡಿನ ಕೋವಿಗಳು ಮನೆ ಬಿಟ್ಟು ಠಾಣೆ ಸೇರುತ್ತವೆ. 2024ರ ಲೋಕಸಭೆ ಚುನಾವಣೆಗೂ ಸೇರಿದವು. ಎರಡು ತಿಂಗಳ ಮೇಲೆ ಅಲ್ಲೇ ಒಂದರ ಮೇಲೊಂದು ಬಿದ್ದುಕೊಂಡಿದ್ದು, ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ವಾಪಸ್ ಬಂದವು. ನನಗೆ ವರಸೆಯಲ್ಲಿ ದೊಡ್ಡಪ್ಪ ಆಗಬೇಕಾದ ಒಬ್ಬರ ಕೇಪಿನ ಕೋವಿ ಬಂದಾಗ, ಅದರ ಮರ ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳಿತ್ತು. ಸರಿಯಿರುವ ಕೋವಿ ಪಡೆದಿದ್ದೇನೆ ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಿಯೇ ತಂದಿದ್ದರು. ಸಹಿ ಹಾಕದಿದ್ದರೆ ಕೋವಿ ಕೊಡುವುದಿಲ್ಲವಲ್ಲ.

ಅವರ ಹೆಸರು, ಊರು, ಠಾಣೆ ಯಾವುದನ್ನೂ ಬರೆಯುವುದಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮರ ಅಂದರೆ ಕೋವಿಯ ಹಿಡಿ. ಕೆಲವರು ಬಟ್ಟು ಅನ್ನುತ್ತಾರೆ. ಹೆಗಲಿಗೆ ಒರಗುವ ಕಡೆಯಿಂದ ಹಿಡಿದು ನಳಿಗೆಯನ್ನು ಹೊತ್ತುಕೊಂಡು ಮುಂದೆ ಹೋಗುವ ತನಕದ್ದು. ದೊಡ್ಡಪ್ಪನ ಹತ್ತಿರ ಅದಕ್ಕೆ ಪರಿಹಾರವೂ ಇತ್ತು. ಅವರ ಭಾವನ ಮನೆ ಅಟ್ಟದಲ್ಲಿ ಒಂದು ಹಳೇ ಮರ ಬಿದ್ದಿತ್ತು. ಅದರ ನಳಿಗೆ ಎಂದೋ ತುಕ್ಕು ತಿಂದು ಹೋಗಿ, ಲೈಸೆನ್ಸನ್ನೂ ವಾಪಸ್ ಒಪ್ಪಿಸಿ ಆಗಿತ್ತು. ಬರೀ ಮರ ಉಳಿದಿತ್ತು. ಒಳ್ಳೇ ಒಣಗಿದ ಮರ, ಒಂದು ಹುಳದ ತೂತೂ ಇಲ್ಲ. ಆ ಮರಕ್ಕೆ ಈ ನಳಿಗೆ ಕೂರಿಸಿದರಾಯಿತು ಅಂತ ಹೊರಟರು. ಆ ಮರದ ಹರಿ ಕೊರೆದದ್ದು ದಪ್ಪ ನಳಿಗೆಗೆ. ಇವರದ್ದು ಸಣ್ಣ ನಳಿಗೆ.

ಊರಿನ ಆಚಾರ್ರ ಹತ್ತಿರ ಹೋದರು, ಜೊತೆಗೆ ನಾನೂ ಹೋಗಿದ್ದೆ. ಆಚಾರ್ರು ಮರವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಳಿಗೆ ಇಟ್ಟು ನೋಡಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು.

"ಮಾಡಬಹುದು ಗೌಡ್ರೆ. ಎರಡು ದಿನದ ಕೆಲಸ. ಆದ್ರೆ ನಾ ಮಾಡಲ್ಲ."

"ಎಂತಕ್ಕೆ ಮಾರಾಯ? ನಂದು ಲೈಸೆನ್ಸ್ ಇರೋ ಕೋವಿ."

"ಲೈಸೆನ್ಸ್ ನಿಮ್ದು. ನಂಗಿಲ್ವಲ್ಲ."

ಆಚಾರ್ರು ಹೇಳಿದ್ದು ನೂರಕ್ಕೆ ನೂರು ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಓದಿ ನೋಡಿ. ಲೈಸೆನ್ಸ್ ಇಲ್ಲದೆ ಯಾರೂ ಕೋವಿ ತಯಾರಿಸಬಾರದು, ಮಾರಬಾರದು, ಪರಿವರ್ತಿಸಬಾರದು. ಅದೇ ಉಸಿರಿನಲ್ಲಿ, ರಿಪೇರಿಯನ್ನೂ ಮಾಡಬಾರದು. ಅದಕ್ಕೆ ಶಿಕ್ಷೆ 25ನೇ ಸೆಕ್ಷನ್‌ನಲ್ಲಿದೆ. 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಕದ್ದುಮುಚ್ಚಿ ಕೋವಿ ತಯಾರಿಸಿ ಮಾರುವವನಿಗೂ, ಲೈಸೆನ್ಸ್ ಇರುವ ಕೋವಿಯ ಮರ ಹೆರೆದು ಕೊಡುವ ಬಡಗಿಗೂ ಕಾನೂನಿನ ಪುಸ್ತಕದಲ್ಲಿ ಒಂದೇ ಸಾಲು. ಕೋರ್ಟು ನಾಳೆ ಮರದ ಕೆಲಸವನ್ನು ಬೇರೆಯಾಗಿ ನೋಡೀತು. ಆದರೆ ನಾಳೆ ಕೋರ್ಟು ಏನು ಹೇಳೀತು ಅಂತ ನಂಬಿಕೊಂಡು ಇವತ್ತು ಉಳಿ ಹಿಡಿಯುವ ಧೈರ್ಯ ಯಾವ ಆಚಾರ್ರಿಗಿದೆ?

ಕೊನೆಗೆ ಏನಾಯಿತು ಅಂದರೆ, ಯಾರೋ ಒಬ್ಬ ಹುಡುಗ ಮಾಡಿಕೊಟ್ಟ. ಒಂದು ರಾತ್ರಿಯ ಕೆಲಸ. ಹರಿಯ ಸಂದಿಗೆ ಪೈಪಿಗೆ ಮೆತ್ತುವ ಅಂಟು ತುಂಬಿ, ಮೇಲಿಂದ ತಂತಿ ಬಿಗಿದು ಕೊಟ್ಟ. ನೋಡುವುದಕ್ಕೆ ಚೆಂದವೇ ಇತ್ತು. ಗದ್ದೆಗೆ ಹಂದಿ ಇಳಿದ ಒಂದು ರಾತ್ರಿ ಬೆದರಿಸಲು ದೊಡ್ಡಪ್ಪ ಗಾಳಿಯಲ್ಲಿ ಈಡು ತೆಗೆದರು. ಮೊದಲನೆಯದು ಸರಿ ಹೋಯಿತು. ಎರಡನೆಯದಕ್ಕೆ ಕೇಪಿನ ಚೂರು ಪಕ್ಕಕ್ಕೆ ಸಿಡಿದು ಬಲಗಣ್ಣಿನ ಕೆಳಗೆ ಹೊಕ್ಕಿತು. ಒಂದು ಬೆರಳು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಏನಾಯ್ತು ಅಂತ ಕೇಳಿದ್ದಕ್ಕೆ "ಕಟ್ಟಿಗೆ ಸೀಳ್ತಾ ಚಕ್ಕೆ ಬಡೀತು" ಅಂದರು.

ಪಟ್ಟಣದಲ್ಲಿ ಕೂತು ಫೈಲು ನೋಡುವವರಿಗೆ ಕೋವಿಯ ಮರ ಅಂದರೆ ಕತ್ತಿಯ ಹಿಡಿ ಇದ್ದ ಹಾಗೆ. ನಮ್ಮೂರಿನ ಹುಡುಗರಿಗೂ ಹಾಗೇ ಅನ್ನಿಸಿದೆ, ಅದು ಇನ್ನೂ ಕಷ್ಟ. ಕತ್ತಿಗೆ ಹಿಡಿ ಹಾಕುವುದು, ನಳಿಗೆಗೆ ಮರ ಹಾಕುವುದು ಎರಡೂ ಒಂದೇ ಕೆಲಸ ಅಲ್ಲ. ಕೇಪಿನ ಕೋವಿಯನ್ನೇ ತಗೊಳ್ಳಿ. ಕೇಪು ಕೂರುವ ತೊಟ್ಟು ಇರುವುದು ನಳಿಗೆಯಲ್ಲಿ. ಆ ಕೇಪಿನ ಮೇಲೆ ಬಡಿಯುವ ಕುದುರೆ ಇರುವುದು ಪಕ್ಕದ ತಗಡಿನಲ್ಲಿ, ಆ ತಗಡು ಕೂತಿರುವುದು ಮರದಲ್ಲಿ. ನಳಿಗೆಗೂ ಕುದುರೆಗೂ ನೇರ ನಂಟಿಲ್ಲ. ಇಬ್ಬರನ್ನೂ ಹಿಡಿದು ಎದುರುಬದುರು ನಿಲ್ಲಿಸಿರುವುದು ಮರ. ಮರದೊಳಗೆ ನಳಿಗೆ ಒಂದು ನೂಲು ಹಿಂದೆ ಸರಿದರೂ ಕುದುರೆ ತೊಟ್ಟಿನ ನಡುವಿಗೆ ಬಡಿಯದೆ ಅಂಚಿಗೆ ಬಡಿಯುತ್ತದೆ. ಆಗ ಕೇಪು ಹಾರಲೂಬಹುದು, ಪಕ್ಕಕ್ಕೆ ಸಿಡಿಯಲೂಬಹುದು. ಕೆಲವೊಮ್ಮೆ ಕೇಪು ಹಾರಿ, ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯ ಅದು. ಈಡು ಹೋಗಲಿಲ್ಲ ಅಂತ ಮನುಷ್ಯ ಕೋವಿ ಇಳಿಸಿ ನಳಿಗೆಯ ಬಾಯಿ ಇಣುಕುವ ಹೊತ್ತಿಗೆ ಸರಿಯಾಗಿ ಅದು ಹೋಗುತ್ತದೆ.

ದೊಡ್ಡಪ್ಪನ ಕೋವಿಯಲ್ಲಿ ಆದದ್ದೂ ಇದೇ. ಮೊದಲ ಈಡಿನ ಒದೆತಕ್ಕೆ ಅಂಟು ಬಿಟ್ಟಿತ್ತು, ನಳಿಗೆ ಹಿಂದೆ ಕೂತಿತ್ತು. ಎರಡನೆಯ ಸಲ ಕುದುರೆ ಬಡಿದದ್ದು ತೊಟ್ಟಿನ ಅಂಚಿಗೆ.

ಆಚಾರ್ರು ಮಾಡಿದ್ದರೆ ಹೇಗೆ ಮಾಡುತ್ತಿದ್ದರು ಅಂತ ಆಮೇಲೆ ಹೋಗಿ ಕೇಳಿದೆ. ಬಾಯಲ್ಲಿ ಹೇಳುವುದಕ್ಕೆ ಯಾವ ಸೆಕ್ಷನ್ನೂ ಇಲ್ಲವಲ್ಲ ಅಂತ ನಗುತ್ತಾ ಹೇಳಿದರು. ಹರಿ ದೊಡ್ಡದಾಗಿದ್ದರೆ ಅಂಟು ತುಂಬುವುದಲ್ಲ, ಅದೇ ಜಾತಿ ಮರದ ತೆಳು ಪಟ್ಟಿಯನ್ನು ಎಳೆ ಉದ್ದಕ್ಕೆ ಬರುವ ಹಾಗೆ ಕೂರಿಸಿ, ಒಣಗಿಸಿ, ಮತ್ತೆ ಹೊಸದಾಗಿ ಹರಿ ತೆಗೆಯಬೇಕು. ನಳಿಗೆಗೆ ದೀಪದ ಮಸಿ ಹಚ್ಚಿ ಮರಕ್ಕೆ ಒತ್ತಬೇಕು. ಎತ್ತಿ ನೋಡಿದರೆ ಎಲ್ಲಿ ಮರ ಎತ್ತರ ಇದೆಯೋ ಅಲ್ಲಿ ಕರಿ ಹತ್ತಿರುತ್ತದೆ. ಅಷ್ಟನ್ನೇ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ನಲವತ್ತು ಸಲ ಆದರೂ ಆಯಿತು. ಕೊನೆಗೆ ಉದ್ದಕ್ಕೂ ಒಂದೇ ಸಮ ಕರಿ ಹತ್ತಿದರೆ ನಳಿಗೆ ಕೂತಿತು ಅಂತ ಲೆಕ್ಕ.

"ಇನ್ನೊಂದು ಉಂಟು ತಮ್ಮ. ನಳಿಗೆ ಬುಡ ಮರಕ್ಕೆ ಪೂರ್ತಿ ಒರಗಬೇಕು. ಅದರ ಬಾಲದ ತುದಿ ಮಾತ್ರ ಮರಕ್ಕೆ ತಾಗಬಾರದು. ಕೂದಲೆಳೆ ಸಂದಿ ಬಿಡಬೇಕು."

ಬಾಲ ಅಂದರೆ ನಳಿಗೆಯ ಬುಡದಿಂದ ಹಿಂದಕ್ಕೆ ಚಾಚಿ, ಸ್ಕ್ರೂ ಹಾಕಿ ಮರಕ್ಕೆ ಬಿಗಿಯುವ ಪಟ್ಟಿ. ಅದು ಮರಕ್ಕೆ ತಾಗಿಕೊಂಡಿದ್ದರೆ ಪ್ರತಿ ಈಡಿಗೂ ಮರಕ್ಕೆ ಬೆಣೆ ಹೊಡೆದ ಹಾಗೆ. ಹತ್ತು ಈಡಿಗಲ್ಲದಿದ್ದರೆ ನೂರು ಈಡಿಗೆ ಕುತ್ತಿಗೆ ಸೀಳುತ್ತದೆ. ಕುತ್ತಿಗೆಯ ಹತ್ತಿರ ಮರದ ಎಳೆ ಅಡ್ಡ ಹಾಯ್ದಿದ್ದರಂತೂ ಕೇಳುವುದೇ ಬೇಡ. ಈ ಕೂದಲೆಳೆ ಸಂದಿಯ ಲೆಕ್ಕ ಗೊತ್ತಿರುವ ಮನುಷ್ಯ ನಮ್ಮೂರಲ್ಲಿ ಇದ್ದಾರೆ. ಅವರು ಈಗ ಬಾಗಿಲು, ದಾರಂದ, ದೇವರ ಮಂಟಪ ಮಾಡಿಕೊಂಡಿದ್ದಾರೆ. ಈ ಲೆಕ್ಕ ಗೊತ್ತಿಲ್ಲದವನು ರಾತ್ರಿ ಟಾರ್ಚ್ ಬೆಳಕಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದಾನೆ. ಹೆದರಿಕೆ ಇರುವುದು ಕೆಲಸ ಬಲ್ಲವರಿಗೆ ಮಾತ್ರ ಆಗಿಬಿಟ್ಟಿದೆ.

"ಕೋವಿ ಯಾಕಪ್ಪಾ ಬೇಕು, ಒಪ್ಪಿಸಿಬಿಡಿ" ಅನ್ನುವವರಿದ್ದಾರೆ. ಅವರಿಗೆ ಕಾಯ್ದೆಯ 13ನೇ ಸೆಕ್ಷನ್ ತೋರಿಸುತ್ತೇನೆ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತು ಕಾಯ್ದೆಯಲ್ಲೇ ಬರೆದಿದೆ. ಯಾರದೋ ದಯೆ ಅಲ್ಲ. ಹಾಗಂತ ಹಂದಿ ಹೊಡೆಯಲು ಪರವಾನಗಿ ಸಿಕ್ಕಿತು ಅಂತಲೂ ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯ ಒಳಗಿದೆ, ಹೊಡೆದರೆ ಅದು ಬೇರೆಯೇ ಕೇಸು. ನಾನು ಶಿಕಾರಿಯ ಪರ ಬರೆಯುತ್ತಿಲ್ಲ. ಸರ್ಕಾರವೇ ಪುಸ್ತಕ ಕೊಟ್ಟು, ನಂಬರ್ ಬರೆದು, 5 ವರ್ಷಕ್ಕೊಮ್ಮೆ ನವೀಕರಣದ ಫೀಸು ಕಟ್ಟಿಸಿಕೊಳ್ಳುವ ಒಂದು ವಸ್ತು ಕೆಟ್ಟರೆ ಎಲ್ಲಿಗೆ ಹೋಗಬೇಕು ಅಂತ ಕೇಳುತ್ತಿದ್ದೇನೆ. ಬೈಕಿಗೆ ಆರ್‌ಸಿ ಕೊಟ್ಟು ಗ್ಯಾರೇಜು ಮುಚ್ಚಿಸಿದರೆ ಹೇಗಿರುತ್ತೆ?

ಕೊಡಗಿನವರಿಗೆ ಏನು ತೊಂದರೆ, ಅವರಿಗೆ ಲೈಸೆನ್ಸೇ ಬೇಡವಲ್ಲ ಅನ್ನಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್ ತನಕ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವವರಿಗೆ. ರಿಪೇರಿ ಮಾಡುವ ಬಡಗಿಗೆ ಅಲ್ಲ. ಕೈಲ್ ಪೊಳ್ದ್ ದಿನ ಹೂ ಮುಡಿಸಿ ಪೂಜೆ ಮಾಡುವ ಕೋವಿಯ ಮರ ಸೀಳಿದರೆ ಅಲ್ಲಿಯೂ ಲೈಸೆನ್ಸ್ ಇರುವ ಅಂಗಡಿಯನ್ನೇ ಹುಡುಕಬೇಕು.

ಇನ್ನೊಂದು ತಮಾಷೆ ಇದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿ, ದೋಣಿ ಕಟ್ಟುವವರು. ಅದೇ ಪಟ್ಟಿಯಲ್ಲಿ ಶಸ್ತ್ರ ಮಾಡುವವರೂ ಇದ್ದಾರೆ! ಆರ್ಮರರ್ ಅಂತ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ ತನಕ ನೆರವು, ಕಡಿಮೆ ಬಡ್ಡಿಯ ಸಾಲ. ಒಂದು ಕೈ ಉಳಿ ಕೊಡುತ್ತದೆ, ಇನ್ನೊಂದು ಕೈ ಆ ಉಳಿಯನ್ನು ಕೋವಿಗೆ ತಾಗಿಸಿದರೆ 7 ವರ್ಷ ಅನ್ನುತ್ತದೆ. ನಮ್ಮ ಆಚಾರ್ರಿಗೆ ಇದನ್ನು ಹೇಳಿದೆ. "ಹಂಗಾರೆ ನಾನು ಬಡಗಿ ಅಂತಲೇ ಅರ್ಜಿ ಹಾಕ್ತೀನಿ ಬಿಡು" ಅಂದರು.

ಈಗ ನಮ್ಮ ಹುಡುಗರ ಕಡೆಗೆ ತಿರುಗುತ್ತೇನೆ, ಅವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡುತ್ತಾರೆ. ಅಲ್ಲಿ ಒಬ್ಬ ಮೇಜಿನ ಮೇಲೆ ರೈಫಲ್ ಇಟ್ಟು, ಹಳೇ ನಳಿಗೆ ಬಿಚ್ಚಿ ದಪ್ಪ ನಳಿಗೆ ಹಾಕಿ, ಅದಕ್ಕೆ ತಕ್ಕ ಹಾಗೆ ಮರದ ಹರಿ ಹಿಗ್ಗಿಸಿ, ನಳಿಗೆಗೂ ಮರಕ್ಕೂ ನಡುವೆ ಒಂದು ನೋಟು ಸರಾಗ ಹಾಯುತ್ತದಾ ಅಂತ ಎಳೆದು ತೋರಿಸುತ್ತಾನೆ. ಇವರೂ ಹತ್ತು ರೂಪಾಯಿ ನೋಟು ಹಿಡಿದು ಹೊರಡುತ್ತಾರೆ. ಆ ನೋಟಿನ ಲೆಕ್ಕ ಸುಳ್ಳಲ್ಲ. ರೈಫಲ್ ನಳಿಗೆ ಒಳಗೆ ಸುರುಳಿ ಗೆರೆ ಇರುತ್ತದೆ, ಗುಂಡು ದೂರ ಹೋಗುತ್ತದೆ, ಮರ ಒಂದು ಕಡೆ ಒತ್ತಿದರೂ ಗುರಿ ಸರಿಯುತ್ತದೆ. ನಮ್ಮ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ತಳ್ಳಿದರೆ ಬೇಸಿಗೆಯ ಗುರಿ ಆಟಿ ತಿಂಗಳಿಗೆ ಇರುವುದಿಲ್ಲ. ಅದಕ್ಕೇ ಹಿಂದಿನವರು ಮರಕ್ಕೆ ಅಗಸೆ ಎಣ್ಣೆ ಕುಡಿಸುತ್ತಿದ್ದದ್ದು.

ಆದರೆ ವಿಡಿಯೋದಲ್ಲಿ ಹೇಳದ ಮಾತು ಬೇರೆ. ಹರಿ ಹಿಗ್ಗಿಸಿದರೆ ಯಾವ ನಳಿಗೆ ಬೇಕಾದರೂ ಕೂರುತ್ತದೆ, ನಿಜ. ಕೂತ ಮಾತ್ರಕ್ಕೆ ಅದು ತಡೆಯುತ್ತದೆ ಅಂತ ಅಲ್ಲ. ಮದ್ದಿನ ಒತ್ತಡ ತಡೆಯುವುದು ಕಬ್ಬಿಣ. ಮರ ತಡೆಯುವುದು ಒದೆತ ಮಾತ್ರ. ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಬಂಗಾಳದ ಇಚ್ಛಾಪುರದಲ್ಲಿ ಸರ್ಕಾರಿ ರೈಫಲ್ ಕಾರ್ಖಾನೆ ಇದೆ. ಇಂಗ್ಲಿಷರ ಕಾಲದಿಂದ ಅಲ್ಲಿ ತ್ರೀ ನಾಟ್ ತ್ರೀ ರೈಫಲ್ ಮಾಡುತ್ತಿದ್ದರು. ಪೊಲೀಸರ ಹೆಗಲ ಮೇಲೆ ನೀವೆಲ್ಲ ನೋಡಿರುವುದು ಅದೇ ಜಾತಿ. ಅದರ ಮುಂಬದಿಯ ಮರ ಸೀಳುತ್ತದೆ ಅಂತ ಇಚ್ಛಾಪುರದವರು ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿದರು. ಇವತ್ತಿಗೂ ಹಳೇ ಕೋವಿ ಬಲ್ಲವರು ಆ ಸ್ಕ್ರೂ ನೋಡಿ ಇದು ಇಚ್ಛಾಪುರದ ಕೈವಾಡ ಅಂತ ಗುರುತು ಹಿಡಿಯುತ್ತಾರೆ. ಮುಂದೆ 1962ರಲ್ಲಿ ಚೀನಾ ಯುದ್ಧ ಆಯಿತು. ಅದರ ಬೆನ್ನಿಗೇ ಅದೇ ರೈಫಲನ್ನು ಹೊಸ 7.62 ತೋಟಾಕ್ಕೆ ಬದಲಿಸಿದರು. ಆಗ ಮರದ ಮಾದರಿ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ಬದಲಾದದ್ದು ನಳಿಗೆ, ಮತ್ತು ಅದನ್ನು ಹಿಡಿದಿರುವ ಕಬ್ಬಿಣದ ಮೈಯ ಉಕ್ಕು. ಇಡೀ ಕಾರ್ಖಾನೆ ಕೈಯಲ್ಲಿದ್ದವರೇ ಹೊಸ ತೋಟಾಕ್ಕೆ ಮೊದಲು ಉಕ್ಕು ನೋಡಿದರು. ನೀವು ನೀರಿನ ಪೈಪು ತಂದು ಮರದ ಹರಿಗೆ ಅಳತೆ ಹಿಡಿಯುತ್ತೀರಿ.

ಜೋಡು ನಳಿಗೆ ಕೋವಿಯಲ್ಲೂ ಅಷ್ಟೇ. ಒಂದು ಕೋವಿಯ ನಳಿಗೆ ಜೋಡಿಯನ್ನು ಇನ್ನೊಂದರ ಮರಕ್ಕೆ, ಮೈಗೆ ಹಾಕಿದರೆ ಹೊರಗಿನಿಂದ ಮುಚ್ಚಿದ ಹಾಗೆ ಕಾಣುತ್ತದೆ. ಒಂದೊಂದನ್ನೂ ಅರ ಹಾಕಿ ಅದರದ್ದೇ ಮೈಗೆ ಕೂರಿಸಿರುತ್ತಾರೆ. ಸಂದಿ ಉಳಿದರೆ ಬಿಸಿ ಗಾಳಿ ಮುಖಕ್ಕೇ ನುಗ್ಗುತ್ತದೆ. ಅದೂ ಅಲ್ಲದೆ ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಇರುತ್ತದೆ. ನಳಿಗೆ ಬದಲಾದರೆ ಪುಸ್ತಕದಲ್ಲಿರುವ ಕೋವಿ ಬೇರೆ, ನಿಮ್ಮ ಕೈಯಲ್ಲಿರುವ ಕೋವಿ ಬೇರೆ. ನಳಿಗೆ ತುಂಡು ಮಾಡುವುದಕ್ಕೆ 6ನೇ ಸೆಕ್ಷನ್, ನಂಬರ್ ಇಲ್ಲದ ಕೋವಿಗೆ 8ನೇ ಸೆಕ್ಷನ್. ಈ ವಿಚಾರದಲ್ಲಿ ಕಾನೂನು ಬಿಗಿಯಾಗಿರಲಿ. ನನ್ನದು ಒಂದಿಷ್ಟೂ ತಕರಾರಿಲ್ಲ.

ತಕರಾರು ಇರುವುದು ನಳಿಗೆಗೂ ಮರಕ್ಕೂ ಒಂದೇ ಹಗ್ಗ ಹಾಕಿರುವುದಕ್ಕೆ. ಅದೇ ನಂಬರಿನ ನಳಿಗೆ, ಅದೇ ಕುದುರೆ, ಅದೇ ಮಾಲೀಕ. ಮರ ಮಾತ್ರ ಬೇರೆ. ಅದರಿಂದ ಕೋವಿ ಹೊಸದಾಗುವುದಿಲ್ಲ, ಜೋರಾಗುವುದಿಲ್ಲ, ಬಚ್ಚಿಡಲು ಸುಲಭವೂ ಆಗುವುದಿಲ್ಲ. ಹಾರಿಸುವವನ ಕಣ್ಣು ಉಳಿಯುತ್ತದೆ, ಅಷ್ಟೇ.

ಇದಕ್ಕೆ ಅವಕಾಶ ಕೊಟ್ಟರೆ ಕಾಡುಗಳ್ಳರಿಗೆ ಅನುಕೂಲ ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ಸರ್, ಕಾಡುಗಳ್ಳ ತನ್ನ ಕೋವಿಯನ್ನು ಚುನಾವಣೆಗೆ ಠಾಣೆಯಲ್ಲಿ ಇಡುತ್ತಾನಾ? ರಿಪೇರಿಗೆ ಪರವಾನಗಿ ಕೇಳಿ ಅರ್ಜಿ ಕೊಡುತ್ತಾನಾ? ಅವನಿಗೆ ಆ ರಾತ್ರಿಯ ಹುಡುಗ ಇದ್ದೇ ಇದ್ದಾನೆ. ನಿಮ್ಮ ಕಾನೂನು ಈಗ ಮಾಡಿರುವುದು ಲೈಸೆನ್ಸ್ ಇರುವ ರೈತನನ್ನೂ ಅದೇ ಹುಡುಗನ ಬಾಗಿಲಿಗೆ ಕಳಿಸಿರುವುದು.

ಇದಕ್ಕೆ ಹೊಸ ಕಟ್ಟಡ, ಹೊಸ ಇಲಾಖೆ ಏನೂ ಬೇಡ. ನಮ್ಮ ಕೋವಿಗಳು ಲೋಕಸಭೆ, ವಿಧಾನಸಭೆ, ಪಂಚಾಯಿತಿ ಅಂತ ಚುನಾವಣೆಗೊಮ್ಮೆ ತಾವಾಗಿಯೇ ಠಾಣೆಗೆ ಬರುತ್ತವೆ. ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯಲ್ಲಿ ಕೋವಿ ರಿಪೇರಿ ಬಲ್ಲ ಆರ್ಮರರ್‌ಗಳಿದ್ದಾರೆ. ಕೋವಿ ವಾಪಸ್ ಕೊಡುವ ದಿನ ಅವರಲ್ಲಿ ಒಬ್ಬರು ಬಂದು ಕೂತು ಒಂದೊಂದನ್ನೂ ನೋಡಲಿ. ಮರ ಸೀಳಿದ್ದರೆ ಪುಸ್ತಕದಲ್ಲಿ ಒಂದು ಸಾಲು ಬರೆಯಲಿ. ಆ ಸಾಲು ಇದ್ದರೆ, ತಾಲ್ಲೂಕಿಗೆ ಒಬ್ಬರಂತೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಟ್ಟ ಆಚಾರ್ರು ಮರದ ಕೆಲಸ ಮಾಡಲಿ. ನಳಿಗೆ ಮುಟ್ಟುವ ಹಾಗಿಲ್ಲ. ಮಾಡಿದ ಮೇಲೆ ಮತ್ತೆ ಠಾಣೆಗೆ ತೋರಿಸಲಿ. ನಳಿಗೆ ಸವೆದಿದ್ದರೆ, ಬುಡ ತುಕ್ಕು ತಿಂದಿದ್ದರೆ ಇನ್ನು ಹಾರಿಸಬೇಡಿ ಅಂತ ಅವತ್ತೇ ಹೇಳಲಿ. ನಮ್ಮ ಕಡೆ ಅಜ್ಜನ ಕಾಲದ ಎಷ್ಟು ನಳಿಗೆಗಳನ್ನು ಯಾರೂ ಒಮ್ಮೆಯೂ ಬಿಚ್ಚಿ ನೋಡಿಲ್ಲ ಅಂತ ನೆನೆದರೆ ಭಯ ಆಗುತ್ತದೆ.

ಜೊತೆಗೆ ಇನ್ನೊಂದು ಸಣ್ಣ ವಿಷಯ. ಕೋವಿ ಇಟ್ಟುಕೊಳ್ಳುವಾಗಲೇ ಮರದ ಸ್ಥಿತಿ ಹೇಗಿದೆ ಅಂತ ರಸೀದಿಯಲ್ಲಿ ಬರೆಯಿರಿ. ನಾಲ್ಕು ಮರದ ರೀಪು ಹೊಡೆದು ಕೋವಿ ನಿಲ್ಲಿಸುವ ಅಡ್ಡೆ ಮಾಡಿದರೆ ಒಂದರ ಮೇಲೊಂದು ಬೀಳುವುದಿಲ್ಲ. ಅದನ್ನು ನಮ್ಮ ಆಚಾರ್ರೇ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಅದಕ್ಕೆ ಯಾವ ಲೈಸೆನ್ಸೂ ಬೇಡ.

ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು, ಹನ್ನೊಂದು ಜನ ಲೈಸೆನ್ಸ್‌ದಾರರ ಸಹಿ ಹಾಕಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟಿದ್ದೇವೆ. ಸ್ವೀಕೃತಿಯ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ. ದೊಡ್ಡಪ್ಪ ಸಹಿ ಹಾಕಲಿಲ್ಲ. ಕೆನ್ನೆಯ ಗಾಯ ನೋಡಿ ಯಾರಾದರೂ ಲೆಕ್ಕ ಹಾಕಿಯಾರು ಅಂತ ಅವರ ಹೆದರಿಕೆ. ತಂತಿ ಬಿಚ್ಚಿ, ನಳಿಗೆ ಒಂದು ಕಡೆ, ಮರ ಒಂದು ಕಡೆ ಇಟ್ಟಿದ್ದಾರೆ. ಹಂದಿ ಬಂದ ರಾತ್ರಿ ಡಬ್ಬ ಬಡಿಯುತ್ತಾರೆ.